ಗುಡ್ಡದ ಅಳತೆ, ಮಾತಿನ ಅಳತೆ

ಗುಡ್ಡಕ್ಕೂ ಬೆಟ್ಟಕ್ಕೂ ಇರುವ ಭೇದವೇನು? ನಿಘಂಟುಗಳನ್ನು ಕೇಳಿದರೆ ಅವು ಸಾಮಾನ್ಯವಾಗಿ ಒಂದರ ಅರ್ಥವಾಗಿ ಮತ್ತೊಂದನ್ನು ಕೊಟ್ಟು ಸುಮ್ಮನಾಗುತ್ತವೆ. ಕವಿಗಳನ್ನು ಕೇಳಿದರೆ, ಪ್ರಾಸಕ್ಕೆ ಒದಗಿದ್ದೇ ಸರಿ ಎಂದಾರು. ಇದುವರೆಗೆ ಈ ಉದಾಸೀನದಿಂದ ಯಾರಿಗೂ ಹೆಚ್ಚಿನ ನಷ್ಟವಾಗಿರಲಿಲ್ಲ. ಇನ್ನು ಮುಂದೆ ಆಗಬಹುದೆಂಬ ಅಂಜಿಕೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

2022ರ ಡಿಸೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯು ದೇಶದ ನೆಲದ ಏರಿಳಿತಗಳನ್ನೆಲ್ಲ 2030ರೊಳಗೆ ನಿಖರವಾಗಿ ದಾಖಲಿಸಬೇಕೆಂದು ಗುರಿಯಿಟ್ಟಿದೆ. ಬಯಲಿನಲ್ಲಿ 25 ಸೆಂಟಿಮೀಟರು, ಗುಡ್ಡಗಾಡಿನಲ್ಲಿ ಒಂದರಿಂದ ಮೂರು ಮೀಟರಿನಷ್ಟು ಸೂಕ್ಷ್ಮ. ಇಂಥ ಕೆಲಸಕ್ಕೆ ಒದಗುವ ಸಾಧನಗಳಲ್ಲಿ ವಿಮಾನದಿಂದ ಮಾಡುವ ಲೇಸರ್ ಮೋಜಣಿ ಮುಖ್ಯವಾದುದು. ಅದರ ತತ್ತ್ವ ಸರಳ. ಮೇಲಿನಿಂದ ಬೆಳಕಿನ ಮಿಡಿತಗಳನ್ನು ಬಿಡುವುದು. ನೆಲಕ್ಕೆ ತಾಗಿ ಮರಳಲು ಹಿಡಿದ ಕಾಲವನ್ನೆಣಿಸುವುದು. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರು ಸಾಗುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಅಷ್ಟು ಕಾಲಕ್ಕೆ 15 ಸೆಂಟಿಮೀಟರು ದೂರ. ಒಂದೇ ಮಿಡಿತದ ಸ್ವಲ್ಪ ಭಾಗ ಮರದ ತುದಿಯಿಂದ ಮೊದಲು ಮರಳಿದರೆ, ಎಲೆಗಳ ಸಂದಿಯಲ್ಲಿ ನುಸುಳಿದ ಭಾಗ ನೆಲದಿಂದ ಕೊನೆಗೆ ಮರಳುತ್ತದೆ. ಹೀಗೆ ಕಾಡನ್ನು ಕಡಿಯದೆಯೇ ಕಾಡಿನ ಕೆಳಗಿನ ನೆಲವನ್ನು ಕಾಣಬಹುದು. ಮುಳ್ಳಯ್ಯನಗಿರಿಯ ಎತ್ತರ ಒಂದು ಪುಸ್ತಕದಲ್ಲಿ 1925 ಮೀಟರು, ಇನ್ನೊಂದರಲ್ಲಿ 1930 ಎಂದು ಓದಿ ಬೇಸತ್ತವರಿಗೆ ಇದು ಸಂತೋಷದ ಸುದ್ದಿಯೇ.

ತೊಡಕು ಹುಟ್ಟುವುದು ಅಳತೆಯಲ್ಲಲ್ಲ, ಅಳೆದ ಮೇಲೆ ಹೆಸರಿಡುವಲ್ಲಿ. ಎಷ್ಟು ಎತ್ತರಕ್ಕೆ ಗುಡ್ಡವೆನ್ನಬೇಕೆಂದು ಯಾವ ಯಂತ್ರವೂ ಹೇಳಲಾರದು. ಆ ಗೆರೆಯನ್ನು ಮನುಷ್ಯನೇ ಎಳೆಯಬೇಕು. ಸ್ಕಾಟ್ಲೆಂಡಿನಲ್ಲಿ ಹ್ಯೂ ಮನ್ರೋ 1891ರಲ್ಲಿ ಮೂರು ಸಾವಿರ ಅಡಿ ಮೀರಿದ ಬೆಟ್ಟಗಳ ಪಟ್ಟಿ ಮಾಡಿದ. 2012ರಲ್ಲಿ ಅವುಗಳಲ್ಲೊಂದು ಹೊಸ ಅಳತೆಗೆ ಒಂದೆರಡು ಅಡಿ ಕಡಮೆಯೆಂದು ಕಂಡು ಪಟ್ಟಿಯಿಂದ ಹೊರಬಿತ್ತು. ಬೆಟ್ಟವೇನೋ ಇದ್ದಲ್ಲೇ ಇತ್ತು. ಅಲ್ಲಿ ಅದು ಬೆಟ್ಟ ಹತ್ತುವವರ ವಿನೋದ. ನಮ್ಮಲ್ಲಿ ಅದೇ ಪ್ರಶ್ನೆ ನ್ಯಾಯಾಲಯದ ಕಟ್ಟೆ ಹತ್ತಿತು. ಸುತ್ತಣ ನೆಲದಿಂದ ನೂರು ಮೀಟರಾದರೂ ಎದ್ದಿದ್ದರೆ ಮಾತ್ರ ಅರಾವಳಿಯ ಗುಡ್ಡವೆಂಬ ಸಮಿತಿಯ ಲಕ್ಷಣವನ್ನು ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರ್ 20ರಂದು ಒಪ್ಪಿತು. ಗಣಿಗಾರಿಕೆಯ ಭೀತಿಯಿಂದ ಕೂಗೆದ್ದ ಮೇಲೆ, ಡಿಸೆಂಬರ್ 29ರಂದು ತಾನೇ ಆ ಆದೇಶವನ್ನು ತಡೆಹಿಡಿಯಿತು. ಒಂದು ಪದದ ಅರ್ಥವನ್ನು ನಿಘಂಟುಕಾರ ತಪ್ಪಿದರೆ ಓದುಗ ತಿದ್ದಿಕೊಂಡಾನು. ಕಾನೂನು ತಪ್ಪಿದರೆ ಕಲ್ಲುಗಣಿಯ ಯಂತ್ರ ಬಂದು ನಿಲ್ಲುತ್ತದೆ.

ಈ ನೂರು ಮೀಟರಿನ ಕೋಲನ್ನು ನಮ್ಮ ಮಹಾಲಿಂಗಪುರದ ಸೀಮೆಗೆ ತಂದು ನಿಲ್ಲಿಸಿ ನೋಡೋಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ನಡುವೆ ಎರೆಹೊಲ, ಕಬ್ಬು. ಇಲ್ಲಿಯ ಮರಡಿ, ದಿನ್ನಿಗಳು ಆ ಕೋಲಿಗೆ ಎಲ್ಲಿ ನಿಲುಕಿಯಾವು? ಆದರೆ ಮುಧೋಳದಿಂದ ಆಚೆ ಕಲಾದಗಿಯ ಕಡೆಗೆ ಹಬ್ಬಿದ ಗುಡ್ಡಸಾಲು ಸಾಮಾನ್ಯವಾದುದಲ್ಲ. ಬ್ರೂಸ್ ಫೂಟ್ 1876ರ ತನ್ನ ಗ್ರಂಥದಲ್ಲಿ ಕಲಾದಗಿಯ ಹೆಸರಿನಿಂದಲೇ ವರ್ಣಿಸಿದ ಆ ಶಿಲೆಗಳು ನೂರು ಕೋಟಿ ವರ್ಷಕ್ಕೂ ಹಿಂದಿನವು; ಹಿಮಾಲಯ ಎದ್ದದ್ದು ನಿನ್ನೆ ಮೊನ್ನೆ, ಸುಮಾರು ಐದು ಕೋಟಿ ವರ್ಷದ ಹಿಂದೆ. ಮುದುಕನ ಬೆನ್ನು ಬಾಗಿದೆಯೆಂದು ಅವನನ್ನು ಕೂಸೆಂದು ಕರೆಯಬಹುದೆ?

ಜನರ ಮಾತು ಎತ್ತರವೊಂದನ್ನೇ ನೋಡಿದ್ದಲ್ಲ. ಹಳೆ ಮೈಸೂರಿನವರಿಗೆ ಬೆಟ್ಟ ದೊಡ್ಡದು, ಗುಡ್ಡ ಚಿಕ್ಕದು. ನಮ್ಮ ಕಡೆ ದೊಡ್ಡದೂ ಚಿಕ್ಕದೂ ಗುಡ್ಡವೇ. ಉತ್ತರ ಕನ್ನಡದ ಅಡಿಕೆ ಬೆಳೆಗಾರನಿಗೆ ಸೊಪ್ಪಿನ ಬೆಟ್ಟವೆಂದರೆ ತೋಟಕ್ಕೆ ಗೊಬ್ಬರದ ಸೊಪ್ಪು ಕೊಡುವ, ಸರ್ಕಾರದ ದಾಖಲೆಯಲ್ಲೂ ನಿಂತ, ಕಾಡುನೆಲ. ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಮೇಲೆ ಚಪ್ಪಟೆಯಾದ ಮುರಕಲ್ಲಿನ ನೆಲ ಪದವು. ಕುವೆಂಪು ಅವರು 1967ರ ತಮ್ಮ ಕಾದಂಬರಿಯ ಹೆಸರಿನಲ್ಲಿ ಇಟ್ಟ 'ಮಲೆ' ಎಂಬ ಮಾತಿನಲ್ಲಿ ನೆಲದ ಜೊತೆಗೆ ಕಾಡೂ ಇದೆ, ಮಳೆಯೂ ಇದೆ. ಒಂದು ಪದ ಆಕಾರವನ್ನು, ಒಂದು ಉಪಯೋಗವನ್ನು, ಮತ್ತೊಂದು ಬಾಳನ್ನು ಹಿಡಿದಿದೆ.

ಹಾಗೆಂದು ಅಳತೆಯನ್ನು ಹಳಿಯುವ ಸಾಹಿತಿಗಳ ಗುಂಪಿಗೆ ನಾನು ಸೇರಿದವನಲ್ಲ. 'ಮುಗಿಲು ಮುಟ್ಟುವ ಬೆಟ್ಟ'ವನ್ನು ಬರೆದೂ ಬರೆದೂ ನಾವು ಕಣ್ಣನ್ನೇ ಮಂಕು ಮಾಡಿಕೊಂಡಿದ್ದೇವೆ. ಅಳೆಯುವವರಲ್ಲಿ ಒಂದು ಸೊಗಸಾದ ಕ್ರಮವಿದೆ. ಒಂದು ತುದಿಯಿಂದ ಹೊರಟು ಅದಕ್ಕಿಂತ ಎತ್ತರದ ನೆಲವನ್ನು ಸೇರಲು ಕಡಮೆಯೆಂದರೆ ಎಷ್ಟು ಇಳಿಯಲೇಬೇಕೋ ಅದೇ ಆ ಗುಡ್ಡದ ಸ್ವಂತ ಎತ್ತರ. ಅಂದರೆ ನೆರೆಯವರನ್ನು ನೋಡದೆ ಯಾವ ಗುಡ್ಡದ ಬೆಲೆಯನ್ನೂ ಕಟ್ಟುವಂತಿಲ್ಲ. ಮಹಾಲಿಂಗಪುರದ ಮಗ್ಗುಲಿನ ಬೆಳಗಲಿಯ ನಾಡಿನ ಕವಿ ರನ್ನ, ತನ್ನ ಊರನ್ನು ಹೇಳುವಾಗ ನದಿ ನಾಡುಗಳ ನಡುವೆಯೇ ಇಟ್ಟು ಹೇಳಿದ್ದಾನೆ. ಸಾವಿರ ವರ್ಷದ ಆಚೆಯ ಕವಿಗೂ ಇಂದಿನ ಮೋಜಣಿದಾರನಿಗೂ ಇಲ್ಲಿ ಮಾತು ಕೂಡುತ್ತದೆಂಬುದು ನನಗೆ ಕಡಮೆ ಸಂತೋಷದ ವಿಷಯವಲ್ಲ.

ಆದುದರಿಂದ ನನ್ನ ಸೂಚನೆ ಇಷ್ಟು. ಹೊಸ ಮೋಜಣಿ ಬರುವ ಮುನ್ನವೇ ಊರೂರಿನ ಗುಡ್ಡ, ಮರಡಿ, ದಿನ್ನಿ, ಪದವುಗಳ ಹೆಸರನ್ನು, ಅಲ್ಲಿ ಏನು ಮೇಯುತ್ತದೆ, ಯಾವ ಹಳ್ಳ ಹುಟ್ಟುತ್ತದೆ ಎಂಬುದರ ಸಮೇತ, ಬರೆದಿಟ್ಟುಕೊಳ್ಳಬೇಕು. ಅಳತೆಯ ಅಂಕಿ ಬಂದಾಗ ಅವುಗಳ ಪಕ್ಕದಲ್ಲಿಟ್ಟು, ಜನ ದಿನ್ನಿಯೆಂದದ್ದು ಎಷ್ಟು ಎತ್ತರಕ್ಕೆ, ಗುಡ್ಡವೆಂದದ್ದು ಎಂಥ ಇಳಿಜಾರಿಗೆ ಎಂದು ಪರೀಕ್ಷಿಸಬೇಕು. ಎಂಟು ಸಂಪುಟಗಳ ನಿಘಂಟನ್ನು 1970ರಿಂದ 1995ರವರೆಗೆ ಹೊರತಂದ ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಗೆ ಇದು ತಕ್ಕ ಕೆಲಸ. ನಾವು ಮಾಡದಿದ್ದರೆ ಪದಕ್ಕೆ ಅರ್ಥ ಬರೆಯುವವರು ಬೇರೆ ಇದ್ದಾರೆ. ಅವರ ಕಣ್ಣು ಪದದ ಮೇಲಿಲ್ಲ, ಅದರ ಕೆಳಗಿನ ಕಲ್ಲಿನ ಮೇಲಿದೆ.