ಕೌದಿ ಮೇಲೆ ಬಳ್ಳಿ ಯಾಕೆ ಬೇಕಿತ್ತು?

ಆಯಿ ಉಡುತ್ತಿದ್ದ ಮೂರು ಇಳಕಲ್ ಸೀರೆ ಸೇರಿಸಿ ಕೌದಿ ಮಾಡಿಸೋಕೆ ಬೆಂಗಳೂರಿನ ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. ತುಂಡುಗಳ ಜೋಡಣೆ ಚೆನ್ನಾಗೇ ಇತ್ತು: ಚೌಕಳಿ ಮೈ, ನಡುವೆ ಕೆಂಪು ಸೆರಗು, ಸುತ್ತ ದಡಿ. ಆಮೇಲೆ ಹೊಲಿಗೆಯ ಡಿಸೈನ್ ಆರಿಸಬೇಕಿತ್ತು. ಕ್ಯಾಟಲಾಗ್‌ನಲ್ಲಿ ಹೂಬಳ್ಳಿ ಕಂಡಿತು, ಹೂಂ ಅಂದುಬಿಟ್ಟೆ. ತಪ್ಪಾಗಿದ್ದು ಅಲ್ಲೇ.

ಇಳಕಲ್ ಸೆರಗಿನ ಅಂದವೆಲ್ಲ ಕೆಂಪಿನ ಮೇಲಿನ ಬಿಳಿ ನೇಯ್ಗೆಯಲ್ಲಿದೆ. ಬಾಚಣಿಗೆ ಹಲ್ಲು, ಕೋಟೆ ತೆನೆಯಂಥ ಆಕಾರಗಳು ಅವು. ಅದರ ಮೇಲೆ ಬಳ್ಳಿ ಹಬ್ಬಿದ ಮೇಲೆ ಎರಡೂ ಕಾಣಲ್ಲ. ಜೊತೆಗೆ ಅರ್ಧ ಬೆರಳಿಗೊಂದು ಹೊಲಿಗೆ ಬಿದ್ದು ಕೌದಿ ರಟ್ಟಿನ ಹಾಗೆ ಬಿರುಸಾಯಿತು. ಅಮ್ಮ ಮುಟ್ಟಿ ನೋಡಿ, "ಛಲೋ ಐತಪ್ಪ, ಆದ್ರ ಮಡಚಾಕ ಬರವಲ್ದಲ್ಲ" ಅಂದಳು. ಇದಕ್ಕಿಂತ ನೇರವಾದ ವಿಮರ್ಶೆ ನನಗೆ ಗೊತ್ತಿಲ್ಲ.

ಹೊಲಿಗೆಗೆ ಎರಡು ಕೆಲಸ: ಪದರಗಳನ್ನು ಹಿಡಿಯೋದು, ಮೇಲ್ಬಟ್ಟೆಗೆ ಒದಗೋದು. ಅಮೆರಿಕದ ಲ್ಯಾಂಕಾಸ್ಟರ್ ಕೌಂಟಿಯ ಹಳೆಯ ಆಮಿಶ್ ಕ್ವಿಲ್ಟ್‌ಗಳಲ್ಲಿ ಬಟ್ಟೆ ಪೂರ್ತಿ ಸಾದಾ, ಒಂದು ಚೌಕದೊಳಗೆ ಒಂದು ವಜ್ರಾಕೃತಿ, ಅಷ್ಟೇ. ಹಾಗಾಗಿ ಗರಿ, ಹಾರಗಳ ಸೂಕ್ಷ್ಮ ಹೊಲಿಗೆಗೆ ಅಲ್ಲಿ ಜಾಗ ಇದೆ. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕವಂದಿಯಲ್ಲಿ ಇದು ತಿರುವುಮುರುವು. ಬಣ್ಣಬಣ್ಣದ ತೇಪೆಗಳು ಜೋರಾಗಿರುತ್ತವೆ, ಹೊಲಿಗೆ ಮಾತ್ರ ಸಾದಾ ರನ್ನಿಂಗ್ ಸ್ಟಿಚ್. ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತದೆ. ಅದೇ ಹೊಲಿಗೆ ತೇಪೆಗಳನ್ನೂ ಹಿಡಿಯುತ್ತದೆ, ಇಡೀ ಕವಂದಿಗೆ ಒಂದು ಲಯವನ್ನೂ ಕೊಡುತ್ತದೆ.

ನಾನು ಕ್ಯಾಟಲಾಗ್ ನೋಡಿ ಆರಿಸಿದೆ, ಸೀರೆ ನೋಡಿ ಆರಿಸಲಿಲ್ಲ. ಬಿಚ್ಚಿಸೋಣ ಅಂದ್ರೆ ಸವೆದ ಹತ್ತಿಬಟ್ಟೆ, ಸೂಜಿ ತೂತು ಉಳಿಯುತ್ತೆ, ಹರಿದರೂ ಹರಿಯಬಹುದು.

ನೀವೂ ಮನೆಯ ಹಳೇ ಸೀರೆ ಕೊಡುವವರಾದರೆ, ಮೊದಲು ಜೋಡಿಸಿದ ಬಟ್ಟೆಯನ್ನು ಗೋಡೆಗೆ ತೂಗುಹಾಕಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಿಡಿದು ಮಾರ್ಕರ್‌ನಲ್ಲಿ ಹೊಲಿಗೆಯ ಗೆರೆ ಎಳೆಯಿರಿ. ಮಾರ್ಕರ್ ಬಟ್ಟೆಗೆ ತಾಗದಿರಲಿ. ಹತ್ತು ಹೆಜ್ಜೆ ಹಿಂದೆ ಬಂದು ನೋಡಿ. ಮೊದಲು ಗೆರೆ ಕಂಡು, ಆಮೇಲೆ ಸೀರೆ ಕಂಡರೆ ಆ ಡಿಸೈನ್ ಬೇಡ.

ಆಯಿಯ ಇನ್ನೊಂದು ಸೀರೆ ಉಳಿದಿದೆ. ಅದಕ್ಕೆ ಉದ್ದುದ್ದ ನೇರ ಗೆರೆ, ಕೈಹೊಲಿಗೆ. ಸೆರಗಿನ ಬಿಳಿ ಆಕಾರಗಳ ಪಕ್ಕದಲ್ಲೇ ದಾರ ಹೋಗಲಿ, ಮೇಲೆ ಹತ್ತದಿರಲಿ ಅಂತ ಅಮ್ಮನಿಗೆ ಹೇಳಿದ್ದೇನೆ. ಅವಳಿಗೆ ಅದನ್ನ ಹೇಳಬೇಕಾಗೇ ಇರಲಿಲ್ಲ.