ಇದು ಯಾರ ಮನೆಯ ಕತೆ?

ಮಾಗಡಿ ತಾಲೂಕಿನ ಕುದೂರಿನಲ್ಲಿ ಪದವಿ ಓದುತ್ತಿರುವ ಹುಡುಗಿಯೊಬ್ಬಳು ನಮಗೆ ಒಂದು ನೋಟ್‌ಬುಕ್ ಕೊಟ್ಟಿದ್ದಳು. ಅದರಲ್ಲಿ ಹನ್ನೆರಡು ಪುಟಗಳ ಒಂದೇ ಒಂದು ಕತೆ. ತಲಾಖ್ ಆಗಿ ತವರಿಗೆ ಬಂದ ಹೆಣ್ಣೊಬ್ಬಳು, ಅವಳ ಜೊತೆಗೇ ಬಂದ ತಗಡಿನ ಪೆಟ್ಟಿಗೆ, ಆ ಪೆಟ್ಟಿಗೆಯ ಕೀಲಿಯನ್ನು ಸದಾ ಸೆರಗಿನ ತುದಿಗೆ ಕಟ್ಟಿಕೊಂಡು ಓಡಾಡುವ ಅವಳ ಅಭ್ಯಾಸ, ಇಷ್ಟೇ ಕತೆ. ಪೆಟ್ಟಿಗೆಯನ್ನು ಅವಳು ಒಮ್ಮೆಯೂ ತೆರೆಯುವುದಿಲ್ಲ. ಓದಿ ಮುಗಿಸಿದ ನಾವು ಕೇಳಿದ ಮೊದಲ ಪ್ರಶ್ನೆ, “ಇದು ನಿಜವಾಗಿ ನಡೆದದ್ದೇನಮ್ಮಾ?” ಎಂಬುದಾಗಿತ್ತು.

ಹುಡುಗಿ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ, ಅಚ್ಚು ಮಾಡುವುದಾದರೆ ತನ್ನ ಹೆಸರು ಹಾಕಬೇಡಿ, ಊರಿನ ಹೆಸರನ್ನೂ ಬದಲಿಸಿ ಎಂದಳು. “ಕುದೂರು ಅಂದರೆ ಎಷ್ಟು ಮನೆ ಸಾರ್? ಯಾರ ಮನೆಯ ಕತೆ ಅಂತ ಸಂತೆಗೆ ಬಂದವರಿಗೆಲ್ಲ ಗೊತ್ತಾಗುತ್ತದೆ” ಎಂದಳು. ಆಮೇಲೆ ನೋಟ್‌ಬುಕ್ಕನ್ನು ವಾಪಸು ತೆಗೆದುಕೊಂಡು ಹೋದಳು. ಬಸ್ಸಿನಲ್ಲಿ ಬರುವಾಗ ನಮಗೆ ಹೊಳೆದದ್ದೇನೆಂದರೆ, ಆ ಕೀಲಿಯ ಬಗ್ಗೆ ನಾವು ಒಂದು ಮಾತೂ ಆಡಿರಲಿಲ್ಲ. ಕತೆಯಲ್ಲಿ ಅವಳು ಕಷ್ಟಪಟ್ಟು ಕಟ್ಟಿದ್ದು ಅದೊಂದನ್ನೇ. ನಾವು ಕೇಳಿದ್ದು ಮಾತ್ರ ಪೊಲೀಸ್ ಠಾಣೆಯಲ್ಲಿ ಕೇಳುವಂಥ ಪ್ರಶ್ನೆ.

ಕನ್ನಡದಲ್ಲಿ ಹೆಣ್ಣುಮಕ್ಕಳು ಕತೆ ಬರೆಯುವುದರ ಕಷ್ಟಗಳನ್ನು ಕುರಿತು ನಾವು ಬಹಳ ಮಾತನಾಡಿದ್ದೇವೆ. ಸಮಯವಿಲ್ಲ, ಏಕಾಂತವಿಲ್ಲ, ಮನೆಯವರ ಒಪ್ಪಿಗೆಯಿಲ್ಲ ಎಂಬ ಮಾತುಗಳೆಲ್ಲ ನಿಜ. ಲೇಖಕಿಯರ ಬದುಕಿನ ಇಸವಿಗಳನ್ನು ಸುಮ್ಮನೆ ಒಂದರ ಪಕ್ಕ ಒಂದು ಬರೆದುಕೊಂಡರೂ ಇದು ಕಾಣುತ್ತದೆ. ಕೊಡಗಿನ ಗೌರಮ್ಮ 1939ರಲ್ಲಿ ತೀರಿಕೊಂಡಾಗ ಮೂವತ್ತೂ ಆಗಿರಲಿಲ್ಲ. ಅವರ ಕಥಾಸಂಕಲನಗಳು ಹೊರಬಂದದ್ದು ಆ ಬಳಿಕ. ತ್ರಿವೇಣಿಯವರು ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು 1963ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ ಹೋಗಿಬಿಟ್ಟರು. ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂತು. ಆಗ ಅವರಿಗೆ ನಲವತ್ತೈದು ದಾಟಿತ್ತು. ಸಾರಾ ಅಬೂಬಕ್ಕರ್ ಅವರ ಬರಹ ಮೊದಲು ಬೆಳಕು ಕಂಡದ್ದು 1981ರಲ್ಲಿ, ನಾಲ್ಕು ಗಂಡುಮಕ್ಕಳನ್ನು ಸಾಕಿ ಬೆಳೆಸಿದ ಮೇಲೆ, ಅವರೂ ನಲವತ್ತೈದರ ಹೊಸ್ತಿಲಲ್ಲಿದ್ದಾಗ. ಒಂದೋ ಬೇಗ ಮುಗಿಯಬೇಕು, ಇಲ್ಲವೇ ತಡವಾಗಿ ಶುರುವಾಗಬೇಕು ಎಂಬ ಈ ಲೆಕ್ಕ ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಆದರೂ ನಡುವಿನ ಆ ಹದಿನೈದು ಇಪ್ಪತ್ತು ವರ್ಷಗಳು ಎಲ್ಲಿಗೆ ಹೋದವು ಎಂಬುದನ್ನು ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ.

ಆದರೆ ಬರೆಯಲು ಕುಳಿತ ಮೇಲೆ ಎದುರಾಗುವ ಇನ್ನೊಂದು ಕಷ್ಟವಿದೆ. ಅದರ ಬಗ್ಗೆ ನಮ್ಮ ವಿಮರ್ಶೆ ಅಷ್ಟಾಗಿ ಮಾತನಾಡಿಲ್ಲ, ಏಕೆಂದರೆ ಆ ಕಷ್ಟವನ್ನು ತಂದೊಡ್ಡಿದ್ದರಲ್ಲಿ ವಿಮರ್ಶೆಯ ಪಾಲೂ ಇದೆ. ಹೆಣ್ಣು ಬರೆದ ಕತೆಯನ್ನು ನಾವು ಕತೆಯೆಂದು ಓದುವುದಿಲ್ಲ. ಹಿಂದೆ ಅದನ್ನು ‘ಅಡುಗೆಮನೆ ಸಾಹಿತ್ಯ’ವೆಂದು ಬದಿಗೆ ಸರಿಸುತ್ತಿದ್ದೆವು. ಈಗ ಗೌರವ ಕೊಡುತ್ತೇವೆ, ಆದರೆ ಸಾಕ್ಷಿ ಹೇಳಿಕೆಗೆ ಕೊಡುವಂಥ ಗೌರವ ಅದು. ಬರೆದವಳು ಮುಸ್ಲಿಮ್ ಹೆಣ್ಣಾದರಂತೂ ಕೇಳುವುದೇ ಬೇಡ. ಅವಳ ಪ್ರತಿಯೊಂದು ಪಾತ್ರವೂ ಒಂದು ಸಮುದಾಯದ ಪರವಾಗಿ ಅಥವಾ ವಿರುದ್ಧವಾಗಿ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಗೆ ಆದದ್ದು ಇದೇ. ಅದು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ದಿನಗಳಿಂದ, ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳವರೆಗೆ, ಚರ್ಚೆ ಬಹುಪಾಲು ತಲಾಖಿನ ಸುತ್ತ ನಡೆಯಿತು. ಒಂದು ಕಡೆಯವರು ಸಮುದಾಯದ ಮಾನ ಕಳೆದರೆಂದರು. ಇನ್ನೊಂದು ಕಡೆಯವರು ನೋಡಿ, ಒಳಗಿನವರೇ ಹೇಳುತ್ತಿದ್ದಾರೆ ಎಂದು ಚಪ್ಪಾಳೆ ತಟ್ಟಿದರು. ಈ ಎರಡು ಗುಂಪುಗಳ ನಡುವೆ ಜಗಳವಿದ್ದಂತೆ ಕಂಡರೂ ಓದಿನ ವಿಧಾನದಲ್ಲಿ ವ್ಯತ್ಯಾಸವಿರಲಿಲ್ಲ. ಇಬ್ಬರಿಗೂ ಕಾದಂಬರಿ ಒಂದು ದಾಖಲೆ.

ಅದನ್ನು ಕಾದಂಬರಿಯಾಗಿ ಓದಿದರೆ ಕಾಣುವುದೇನು? ನಾದಿರಾಳ ಗಂಡ ರಶೀದ್ ಕೆಟ್ಟವನಲ್ಲ. ಹೆಂಡತಿಯನ್ನು ಪ್ರೀತಿಸುವವನು. ಮಗಳನ್ನು ಗಂಡನಿಂದ ಬಿಡಿಸಿ ತರುವವನು ತಂದೆ ಮಹಮ್ಮದ್ ಖಾನ್, ಅದೂ ಹಣದ ವಿಷಯಕ್ಕೆ ಹುಟ್ಟಿದ ಹಟದಿಂದ. ಮುಂದೆ ಎಲ್ಲರಿಗೂ ತಪ್ಪಿನ ಅರಿವಾಗಿ, ಗಂಡಹೆಂಡಿರು ಮತ್ತೆ ಒಂದಾಗಬೇಕೆಂದು ಎಲ್ಲರೂ ಬಯಸುವ ಹೊತ್ತಿಗೆ, ನಡುವೆ ಇನ್ನೊಬ್ಬನೊಂದಿಗೆ ಮದುವೆಯಾಗಿ ಬಿಡುಗಡೆ ಪಡೆಯಬೇಕೆಂಬ ಕಟ್ಟು ಅಡ್ಡ ಬರುತ್ತದೆ. ನಾದಿರಾ ಮಸೀದಿಯ ಕೆರೆಯ ದಾರಿ ಹಿಡಿಯುತ್ತಾಳೆ. ಗಂಡನನ್ನು ದುಷ್ಟನನ್ನಾಗಿ ಮಾಡಿದ್ದರೆ ಲೇಖಕಿಯ ಕೆಲಸ ಎಷ್ಟು ಸುಲಭವಾಗುತ್ತಿತ್ತು! ಓದುಗರು ಅವನನ್ನು ಬೈದು ಪುಸ್ತಕ ಮುಚ್ಚಿಡುತ್ತಿದ್ದರು. ಸಾರಾ ಆ ಸೌಕರ್ಯವನ್ನು ಓದುಗರಿಂದ ಕಸಿದುಕೊಂಡರು. ಎಲ್ಲರೂ ಒಳ್ಳೆಯದನ್ನೇ ಬಯಸುತ್ತಿರುವ ಗಳಿಗೆಯಲ್ಲಿ ಹುಡುಗಿ ಸಾಯುತ್ತಾಳೆ. ಬದುಕಿನಲ್ಲಿ ಹೀಗೆಯೇ ನಡೆಯಿತೋ ಇಲ್ಲವೋ, ಪಾತ್ರಗಳನ್ನು ಹೀಗೆ ನಿಲ್ಲಿಸಬೇಕೆಂಬುದು ಬರೆಯುವವಳ ತೀರ್ಮಾನ. ಹೊಳೆಯ ಹೆಸರು ಹೊತ್ತ ಕಾದಂಬರಿ ಹರಿಯದ ನೀರಿನಲ್ಲಿ ಮುಗಿಯುವುದೂ ಅಂಥದೇ ತೀರ್ಮಾನವೆಂದು ನಮಗನಿಸುತ್ತದೆ.

ಸಾರಾ ಅವರ ಬರಹದಲ್ಲಿ ಕುಂದುಗಳಿಲ್ಲವೆಂದಲ್ಲ. ಕೆಲವು ಕಡೆ ಪಾತ್ರಗಳು ಮಾತು ನಿಲ್ಲಿಸಿ ಲೇಖನ ಓದತೊಡಗುತ್ತವೆ. ಧರ್ಮದ ನಿಜವಾದ ಆಶಯವೇನು ಎಂದು ಯಾರಾದರೂ ಯಾರಿಗಾದರೂ ವಿವರಿಸುತ್ತಿರುತ್ತಾರೆ. ಆದರೆ ಇದನ್ನು ಕುಂದೆಂದು ಹೇಳಿ ಮುಗಿಸುವ ಮುನ್ನ, ಅವರು ಯಾರಿಗೆ ಬರೆಯುತ್ತಿದ್ದರು ಎಂದು ಕೇಳಿಕೊಳ್ಳಬೇಕು. ಮನೆಯೊಳಗಿನ ಆಡುಮಾತು ಒಂದು, ಶಾಲೆಯಲ್ಲಿ ಕಲಿತು ಬರೆದ ಕನ್ನಡ ಇನ್ನೊಂದು. ತನ್ನವರು ಓದಿದರೆ ಕೋಪಿಸಿಕೊಳ್ಳುತ್ತಾರೆ, ಹೊರಗಿನವರು ಓದಿದರೆ ತಪ್ಪು ತಿಳಿಯುತ್ತಾರೆ. ಈ ಇಬ್ಬರನ್ನೂ ಎದುರಿಗಿಟ್ಟುಕೊಂಡು ಬರೆಯುವವಳು ಪ್ರತಿ ಪುಟದಲ್ಲೂ ವಿವರಣೆ ಕೊಡುವ ಅಭ್ಯಾಸಕ್ಕೆ ಬೀಳುತ್ತಾಳೆ. ತೀರ್ಥಹಳ್ಳಿಯ ಮನೆಗಳ ಬಗ್ಗೆ ಬರೆಯುವಾಗ ಇಂದಿರಾ ಅವರಿಗೆ ಈ ಭಯವಿರಲಿಲ್ಲ. ತಾಯಿಯಿಂದ ಕೇಳಿ ತಿಳಿದ ಒಬ್ಬ ಬಾಲವಿಧವೆಯ ಬದುಕನ್ನು ‘ಫಣಿಯಮ್ಮ’ದಲ್ಲಿ ಅವರು ಎಲ್ಲೂ ದನಿ ಏರಿಸದೆ ಹೇಳಿದರು. ಮಡಿಯೆಂದರೇನು ಎಂದು ಕನ್ನಡದ ಓದುಗರಿಗೆ ಅಡಿಟಿಪ್ಪಣಿ ಬೇಕಿರಲಿಲ್ಲ. ಇದ್ದತ್ ಎಂದರೇನು ಎಂಬುದಕ್ಕೆ ಬೇಕಾಗುತ್ತಿತ್ತು. ಕತೆಗಾರಿಕೆಯ ಸಂಯಮ ಪ್ರತಿಭೆಯೊಂದರಿಂದಲೇ ಬರುವುದಲ್ಲ. ಓದುಗರಿಗೆ ತನ್ನ ಮನೆಯ ಪರಿಚಯವಿದೆ ಎಂಬ ನೆಮ್ಮದಿಯೂ ಅದಕ್ಕೆ ಬೇಕು.

ಬಾನು ಮುಷ್ತಾಕ್ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡವರು. ದಖ್ಖನಿ ಉರ್ದು ಮನೆಮಾತಿನ ಹಾಸನದ ಈ ಹೆಣ್ಣುಮಗಳು ಕನ್ನಡ ಮಾಧ್ಯಮದಲ್ಲಿ ಓದಿ, 1981ರಿಂದ 1990ರವರೆಗೆ ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡಿ, ಆನಂತರ ವಕೀಲಿ ವೃತ್ತಿಗೆ ಇಳಿದವರು. ನಡೆದದ್ದನ್ನು ನಡೆದಂತೆ ಬರೆಯುವುದು ವರದಿಗಾರ್ತಿಯ ಕೆಲಸ, ಅದನ್ನು ಸಾಬೀತುಪಡಿಸುವುದು ವಕೀಲೆಯ ಕೆಲಸ. ಎರಡನ್ನೂ ಬಲ್ಲವರಾದ್ದರಿಂದಲೇ ಇರಬೇಕು, ಕತೆ ಬರೆಯುವಾಗ ಅವರು ಎರಡನ್ನೂ ಬಿಟ್ಟುಕೊಡಬಲ್ಲರು.

‘ಕರಿ ನಾಗರಗಳು’ ಕತೆಯನ್ನು ನೋಡಿ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರವಾದ ಕತೆ ಇದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಅಶ್ರಫ್, ಕಾಯಿಲೆಯ ಕೂಸನ್ನು ಎತ್ತಿಕೊಂಡು ನ್ಯಾಯಕ್ಕಾಗಿ ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ. ಮುತವಲ್ಲಿ ನ್ಯಾಯ ಕೊಡುವುದಿಲ್ಲ. ಕೂಸು ಸಾಯುತ್ತದೆ. ಪತ್ರಿಕಾ ವರದಿಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು, ಪ್ರಕರಣವಾಗಿದ್ದರೆ ಇಲ್ಲಿಂದ ಶುರುವಾಗುತ್ತಿತ್ತು. ಬಾನು ಇವೆರಡನ್ನೂ ಮಾಡದೆ ಮುತವಲ್ಲಿಯ ಹಿಂದೆ ಬೀದಿಗೆ ಇಳಿಯುತ್ತಾರೆ. ಮನೆಮನೆಯ ಹೆಂಗಸರು ಅವನಿಗೆ ಶಾಪ ಹಾಕುತ್ತಾರೆ. ಶಾಪ ಕಾನೂನಲ್ಲ, ಫತ್ವಾ ಅಲ್ಲ, ಯಾವ ಕಡತದಲ್ಲೂ ಸೇರುವುದಿಲ್ಲ. ಆದರೆ ಅವನು ಮನೆ ಸೇರಿದಾಗ ಅವನದೇ ಹೆಂಡತಿ ಅಮೀನಾ, ಇನ್ನು ಹೆರುವುದಿಲ್ಲವೆಂದು ಆಪರೇಷನ್ನಿಗೆ ಹೊರಟು ನಿಂತಿರುತ್ತಾಳೆ. ಅಶ್ರಫಳ ಕತೆ ಅಮೀನಾಳ ಮನೆಯಲ್ಲಿ ತಿರುವು ಪಡೆಯುತ್ತದೆ. ಇದು ಯಾರ ಮನೆಯ ಕತೆ ಎಂದು ಇಲ್ಲಿ ಹೇಗೆ ಕೇಳುತ್ತೀರಿ? ಬೀದಿಯ ಕೊನೆಯ ಮನೆಯವರೆಗೂ ಅದು ಹೋಗಿ ಬಂದಿದೆ.

ಇನ್ನೊಂದು ಅವರ ನಗು. ‘ಕೆಂಪು ಲುಂಗಿ’ಯಲ್ಲಿ ಬೇಸಗೆ ರಜೆಗೆ ಮನೆ ತುಂಬ ಮಕ್ಕಳು, ರಜಿಯಾಳಿಗೆ ತಲೆನೋವು, ಹಾಗಾಗಿ ಹುಡುಗರಿಗೆಲ್ಲ ಒಟ್ಟಿಗೆ ಖತ್ನಾ ಮಾಡಿಸಿಬಿಡೋಣವೆಂಬ ಏರ್ಪಾಡು! ಬಡವರ ಹುಡುಗನಿಗೆ ಬೂದಿಯಲ್ಲೇ ವಾಸಿಯಾಗುತ್ತದೆ, ಡಾಕ್ಟರ ಬಳಿ ಹೋದ ಸಿರಿವಂತರ ಹುಡುಗ ನರಳುತ್ತಾನೆ. ಸಾಕ್ಷಿ ಹೇಳಲು ಬಂದವರಿಗೆ ನಗುವ ಅವಕಾಶವಿರುವುದಿಲ್ಲ. ನಗುವ ಸ್ವಾತಂತ್ರ್ಯವನ್ನು ತೆಗೆದುಕೊಂಡ ಗಳಿಗೆಯಲ್ಲೇ ಬಾನು ಕಟಕಟೆಯಿಂದ ಕೆಳಗಿಳಿದು ಕತೆಗಾರ್ತಿಯಾದರು ಎನ್ನಬಹುದು.

ಅದಕ್ಕೆ ಬೆಲೆ ತೆರದೆ ಏನಿಲ್ಲ. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದು ಹೇಳಿದ್ದಕ್ಕಾಗಿ 2000ದಲ್ಲಿ ಅವರ ಕುಟುಂಬ ಬಹಿಷ್ಕಾರ ಅನುಭವಿಸಿತು, ಚಾಕು ಹಿಡಿದು ಬಂದವನೊಬ್ಬನನ್ನು ಪತಿ ತಡೆಯಬೇಕಾಯಿತು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕತೆಗಳ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಂಭ್ರಮಿಸಿದೆವು. ನಾಲ್ಕು ತಿಂಗಳ ಬಳಿಕ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದು ವಿವಾದವಾಗಿ, ನ್ಯಾಯಾಲಯದವರೆಗೂ ಹೋಯಿತು. ಆ ಗದ್ದಲದಲ್ಲಿ ಅವರ ಒಂದು ಕತೆಯ ಹೆಸರನ್ನಾದರೂ ಎತ್ತಿದವರು ಎಷ್ಟು ಮಂದಿ? ದೀಪಾ ಅವರು ಇಂಗ್ಲಿಷಿನಲ್ಲಿ ಕನ್ನಡ, ಉರ್ದು ಶಬ್ದಗಳನ್ನು ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಹಾಗೇ ಬಿಟ್ಟಿದ್ದಾರೆ. ಅರ್ಥವಾಗದಿದ್ದರೆ ಓದುಗರೇ ಎರಡು ಹೆಜ್ಜೆ ಮುಂದೆ ಬರಲಿ ಎಂಬ ಈ ಧೈರ್ಯವನ್ನು ದೂರದ ಓದುಗರು ಒಪ್ಪಿಕೊಂಡರು. ಪಕ್ಕದ ಮನೆಯ ಓದುಗರಾದ ನಾವು ಇನ್ನೂ ವಿವರಣೆ ಕೇಳುತ್ತಲೇ ಇದ್ದೇವೆ.

ಪ್ರಕಟಣೆಯ ಮಾತು ಬೇರೆಯೇ ಒಂದು ಲೇಖನವಾದೀತು. ನಂಜನಗೂಡು ತಿರುಮಲಾಂಬ ನೂರು ವರ್ಷಗಳಿಗೂ ಹಿಂದೆ ತಮ್ಮದೇ ‘ಸತೀಹಿತೈಷಿಣೀ’ ಗ್ರಂಥಮಾಲೆ ನಡೆಸಿದರು, ಸಾರಾ ಅವರು 1994ರಲ್ಲಿ ‘ಚಂದ್ರಗಿರಿ ಪ್ರಕಾಶನ’ ಆರಂಭಿಸಿದರು. ಇಷ್ಟು ಅಂತರದಲ್ಲೂ ಲೇಖಕಿಗೆ ತನ್ನದೇ ಅಂಗಡಿ ತೆರೆಯುವ ಅಗತ್ಯ ಬಿತ್ತೆಂಬುದನ್ನಷ್ಟೇ ಇಲ್ಲಿ ಹೇಳಿ ಮುಂದೆ ಹೋಗುತ್ತೇವೆ.

ಕುದೂರಿನ ಹುಡುಗಿಗೆ ನಾವು ಒಂದು ಪತ್ರ ಬರೆದೆವು. ಊರಿನ ಹೆಸರು ಬದಲಿಸಿದರೆ ಮನೆ ಮರೆಯಾಗುವುದಿಲ್ಲ, ಗುರುತು ಸಿಗುವವರಿಗೆ ಸಿಕ್ಕೇ ಸಿಗುತ್ತದೆ, ಅದರ ಬದಲು ಕತೆಯನ್ನು ಯಾರು ನೋಡುತ್ತಿದ್ದಾರೆ ಎಂಬುದನ್ನು ಬದಲಿಸಿ ನೋಡು ಎಂದು ಬರೆದೆವು. ಒಬ್ಬಳ ಸೆರಗಿನ ಕೀಲಿಯನ್ನು ಇನ್ನೊಬ್ಬಳಿಗೆ ಕಟ್ಟಬಹುದು, ಕತೆಯನ್ನು ಆರೋಪಿಯ ಮನೆಯೊಳಕ್ಕೂ ಕರೆದೊಯ್ಯಬಹುದು, ಬಾನು ಅವರನ್ನು ಓದು ಎಂದೂ ಸೇರಿಸಿದೆವು. ನಿಜವಾಗಿ ನಡೆದದ್ದೇ ಎಂದು ಕೇಳಿದ್ದಕ್ಕೆ ಕ್ಷಮೆಯನ್ನೂ ಕೇಳಿದೆವು.

ಎರಡು ತಿಂಗಳ ನಂತರ ಅಂಚೆಯಲ್ಲಿ ಹೊಸ ಪ್ರತಿ ಬಂತು. ಈಗ ಕತೆ ಹೇಳುವವನು ಆ ಮನೆಯ ಎಂಟು ವರ್ಷದ ಹುಡುಗ. ಪೆಟ್ಟಿಗೆಯಲ್ಲಿ ಮಿಠಾಯಿ ಇದೆಯೆಂದು ಅವನು ನಂಬಿದ್ದಾನೆ, ಕೀಲಿ ಕದಿಯಲು ಹೊಂಚು ಹಾಕುತ್ತಿದ್ದಾನೆ. ಕುದೂರಿನ ಹೆಸರು ಹಾಗೇ ಇದೆ. ಮಾಳಿಗೆಯ ಮೇಲಿಂದ ಕಾಣುವ ಭೈರವನದುರ್ಗವೂ ಇದೆ. ಮೊದಲ ಪುಟದಲ್ಲಿ ತನ್ನ ಪೂರ್ತಿ ಹೆಸರು ಬರೆದಿದ್ದಾಳೆ. ಮೂರನೆಯ ಪುಟದಲ್ಲಿ ಜಮಾಅತಿನ ಕಾರ್ಯದರ್ಶಿಯ ಮಾತು ಉದ್ದವಾಯಿತು, ಎಂಟು ವರ್ಷದ ಹುಡುಗನಿಗೆ ಅಷ್ಟೆಲ್ಲ ನೆನಪಿರುವುದಿಲ್ಲ ಎಂದು ಅಂಚಿನಲ್ಲಿ ಗುರುತು ಹಾಕಿ ವಾಪಸು ಕಳುಹಿಸಿದ್ದೇವೆ.