ಮೆಕ್ಲೆಂಡನ್: ಮೊದಲು ಕೋಚ್, ಆಮೇಲೆ ಕಥಾನಾಯಕ

ಕಳೆದ ಶತಮಾನದ ನಡುಗಾಲದ ಅಮೆರಿಕನ್ ಕಾಲೇಜು ಬಾಸ್ಕೆಟ್‌ಬಾಲ್ ಎಂದರೆ ಮೊದಲು ಬರುವ ಹೆಸರುಗಳಲ್ಲಿ ಕೆಂಟಕಿಯ ಕೋಚ್ ಅಡಾಲ್ಫ್ ರಪ್ ಒಬ್ಬರು. 876 ಗೆಲುವು, ನಾಲ್ಕು ರಾಷ್ಟ್ರೀಯ (ಎನ್‌ಸಿಎಎ) ಪ್ರಶಸ್ತಿ, ತಕರಾರಿಲ್ಲ. ರಪ್ ಓದಿದ ಕ್ಯಾನ್ಸಾಸ್ ವಿಶ್ವವಿದ್ಯಾಲಯದಲ್ಲೇ, ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರಿಂದ ಕಲಿತ ಜಾನ್ ಮೆಕ್ಲೆಂಡನ್ ಹೆಸರು ಮಾತ್ರ ವರ್ಣಭೇದದ ಪ್ರಸ್ತಾಪ ಬಂದಾಗಲಷ್ಟೇ ಕೇಳಿಬರುತ್ತದೆ. ಕಪ್ಪುವರ್ಣೀಯರೆಂಬ ಕಾರಣಕ್ಕೆ ಅವರಿಗೆ ಅಲ್ಲಿನ ತಂಡದಲ್ಲಿ ಜಾಗ ಸಿಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅವರ ಆಟದ ಬುದ್ಧಿ ಎಂಥದೆಂದು ಕೇಳಿದವರು ಕಡಿಮೆ.

1944ರ ಮಾರ್ಚ್ 12ರ ‘ಗುಟ್ಟಿನ ಪಂದ್ಯ’ವನ್ನೇ ನೋಡಿ. ಡರ್ಹಮ್‌ನಲ್ಲಿ ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮೆಕ್ಲೆಂಡನ್‌ರ ಕಪ್ಪುವರ್ಣೀಯ ಹುಡುಗರು ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯರ ತಂಡದೊಡನೆ ಆಡಿದರು. ಆಮೇಲೆ ಎರಡೂ ತಂಡದವರು ಬೆರೆತು ಇನ್ನೊಂದು ಆಟ ಆಡಿದರು. ಕಥೆ ಹೇಳುವವರಿಗೆಲ್ಲ ಈ ಎರಡನೆಯ ಆಟವೇ ಪ್ರಿಯ. ಮೊದಲನೆಯದನ್ನು ಮೆಕ್ಲೆಂಡನ್ ಹುಡುಗರು ಗೆದ್ದದ್ದು 88-44ರಿಂದ. ಅದೇ ತಿಂಗಳು ಎನ್‌ಸಿಎಎ ಫೈನಲ್‌ನಲ್ಲಿ ಯೂಟಾ ತಂಡ ಡಾರ್ಟ್‌ಮತ್ ಮೇಲೆ ಗೆದ್ದದ್ದು 42-40ರಿಂದ, ಅದೂ ಹೆಚ್ಚುವರಿ ಅವಧಿಯಲ್ಲಿ. ಅಲ್ಲಿ ಎರಡು ತಂಡ ಸೇರಿ ಗಳಿಸಿದ್ದಕ್ಕಿಂತ ಇಲ್ಲಿ ಒಂದೇ ತಂಡ ಹೆಚ್ಚು ಗಳಿಸಿತ್ತು. ಸೌಹಾರ್ದದ ಕಥೆಯಲ್ಲಿ ಈ ಅಂಕೆ ಮುಚ್ಚಿಹೋಗಿದೆ.

ಈ ಗೆಲುವನ್ನು ಬರಿಯ ಓಟದ ಬಲವೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಇದ್ದದ್ದು ಫಾಸ್ಟ್ ಬ್ರೇಕ್, ಅಂದರೆ ಮಿಂಚಿನ ಮರುದಾಳಿ. ಅದರಲ್ಲಿ ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ಹಿಡಿದವನು ತಡಮಾಡದೆ ಚೆಂಡನ್ನು ಪಕ್ಕಕ್ಕೆ ಎಸೆಯಬೇಕು. ಅಲ್ಲಿಂದ ಅದು ಅಂಕಣದ ನಡುವಿಗೆ ಬರಬೇಕು. ಎರಡು ಅಂಚಿನಲ್ಲಿ ಇಬ್ಬರು ಆಗಲೇ ಓಡುತ್ತಿರಬೇಕು. ಎದುರಾಳಿ ತಿರುಗಿ ನಿಲ್ಲುವುದರೊಳಗೆ ಮೂವರ ಮುಂದೆ ಇಬ್ಬರೇ ಉಳಿದಿರುತ್ತಾರೆ. ಮೆಕ್ಲೆಂಡನ್ ಇದಕ್ಕೆ ಇಡೀ ಅಂಕಣದಲ್ಲಿ ಎದುರಾಳಿಯನ್ನು ಒತ್ತಿ ತಡೆಯುವ ‘ಪ್ರೆಸ್’ ಜೋಡಿಸಿದರು. ಅಂದರೆ ತಡೆಯುವ ಕೆಲಸದಲ್ಲೇ ದಾಳಿ ಶುರು. ಎದುರಾಳಿಗೆ ಉಸಿರು ತೆಗೆದುಕೊಳ್ಳುವ ಗಳಿಗೆಯೇ ಸಿಗದು. 1965ರಲ್ಲಿ ಅವರು ಫಾಸ್ಟ್ ಬ್ರೇಕ್ ಬಗ್ಗೆ ಪುಸ್ತಕವನ್ನೇ ಬರೆದರು. ಹುಮ್ಮಸ್ಸಿಗೆ ಓಡಿಸಿದವರು ಪಾಠ ಬರೆಯುವುದಿಲ್ಲ.

ಪರ್ಡ್ಯೂನ ವಾರ್ಡ್ ಲ್ಯಾಂಬರ್ಟ್, ರೋಡ್ ಐಲೆಂಡ್‌ನ ಫ್ರಾಂಕ್ ಕೀನಿ ಮೊದಲೇ ಹೀಗೆ ಆಡಿಸಿದ್ದರೆಂದು ಕೆಲವರ ವಾದ. ನಿಜ. ಮೆಕ್ಲೆಂಡನ್‌ರನ್ನು ಫಾಸ್ಟ್ ಬ್ರೇಕ್‌ನ ‘ಜನಕ’ ಎನ್ನುವ ಅಭಿಮಾನಿಗಳ ಉತ್ಪ್ರೇಕ್ಷೆಯಿಂದಲೇ ಈ ವಾದಕ್ಕೆ ಬಲ ಬಂದಿದೆ. ಆದರೆ ಮೊದಲು ಮಾಡಿದವರು ಯಾರೆಂಬ ಜಗಳದಲ್ಲಿ, ಅದನ್ನು ಪದ್ಧತಿಯಾಗಿ ಕಟ್ಟಿದವರು ಯಾರೆಂಬ ಪ್ರಶ್ನೆ ಕಳೆದುಹೋಗುತ್ತದೆ. ಎನ್‌ಎಐಎ ಸಣ್ಣ ಕಾಲೇಜುಗಳ ಟೂರ್ನಿ, ಅಲ್ಲಿನ ಗೆಲುವಿಗೆ ಅಷ್ಟು ತೂಕವಿಲ್ಲ ಎನ್ನುವವರೂ ಇದ್ದಾರೆ. ಮೆಕ್ಲೆಂಡನ್‌ರ ಟೆನೆಸಿ ಎ ಅಂಡ್ ಐ ತಂಡ 1957, 58, 59ರಲ್ಲಿ ಸತತ ಮೂರು ಬಾರಿ ಅಲ್ಲಿ ಗೆದ್ದಿತು. ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿಟ್ಟು, ‘ಒಳಗೆ ಯಾಕೆ ಆಡಲಿಲ್ಲ’ ಎಂದು ಕೇಳುವುದು ಯಾವ ಸೀಮೆಯ ನ್ಯಾಯ?

1966ರಲ್ಲಿ ಮೆಕ್ಲೆಂಡನ್ ಕ್ಲೀವ್‌ಲ್ಯಾಂಡ್ ಸ್ಟೇಟ್‌ಗೆ ಹೋದ ಮೇಲೆ ಗೆಲುವಿಗಿಂತ ಸೋಲೇ ಹೆಚ್ಚಾಯಿತು, ಅದನ್ನೂ ಹೇಳಬೇಕು. ಆದರೆ ಅಷ್ಟರಲ್ಲಿ ಅವರ ದೊಡ್ಡ ಕೆಲಸ ಮುಗಿದಿತ್ತು.

ನೈಸ್ಮಿತ್ ಹಾಲ್ ಆಫ್ ಫೇಮ್ 1979ರಲ್ಲಿ ಮೆಕ್ಲೆಂಡನ್‌ರನ್ನು ಸೇರಿಸಿಕೊಂಡದ್ದು ಆಟಕ್ಕೆ ‘ಕೊಡುಗೆ ನೀಡಿದವರು’ ಎಂಬ ಪಟ್ಟಿಯಲ್ಲಿ. ಅವರು 1999ರಲ್ಲಿ ತೀರಿಕೊಂಡರು. ಕೋಚ್ ಎಂದು ಒಪ್ಪಿಕೊಂಡದ್ದು 2016ರಲ್ಲಿ.